ಹೆಂಡತಿ ಎನ್ನಲು ಉಂಗುರ ಬೇಕೇ?

"ನೀವು ಅವರ ಹೆಂಡತಿ ಅಂತ ಹೇಗೆ ನಂಬೋದು? ಕೈಯಲ್ಲಿ ಉಂಗುರವೇ ಇಲ್ವಲ್ಲ" ಎಂದರು ಹ್ಯೂಸ್ಟನ್‌ನ ಆಸ್ಪತ್ರೆಯೊಂದರ ಕೌಂಟರಿನಲ್ಲಿದ್ದ ಮಹಿಳೆ. ಎದೆನೋವೆಂದು ಆಂಬುಲೆನ್ಸ್‌ನಲ್ಲಿ ಬಂದಿದ್ದ ನನ್ನ ಗಂಡ ಒಳಗಿದ್ದರು. ನಮ್ಮಿಬ್ಬರ ಸರ್‌ನೇಮ್ ಬೇರೆಯಾದ್ದರಿಂದ ಆಕೆಗೆ ಅನುಮಾನ ಹೆಚ್ಚಿತ್ತು. ತಾಳಿ ತೋರಿಸಿದರೆ, ಸರ ಚೆನ್ನಾಗಿದೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಅಲ್ಲೇ ಶೂ, ಸಾಕ್ಸ್ ಕಳಚಿ ಕಾಲನ್ನು ಕುರ್ಚಿಯ ಮೇಲಿಟ್ಟೆ. "ಇದು ಕಾಲುಂಗುರ. ನಮ್ಮಲ್ಲಿ ಮದುವೆಯ ಉಂಗುರ ಇಲ್ಲಿರುತ್ತೆ. ಇಪ್ಪತ್ತೆರಡು ವರ್ಷದಿಂದ ತೆಗೆದಿಲ್ಲ" ಎಂದೆ. ಗಲಾಟೆ ಕೇಳಿ ಹೊರಬಂದ ನರ್ಸ್, ನಿಮ್ಮ ಗಂಡ ನಿಮ್ಮನ್ನೇ ಕೇಳುತ್ತಿದ್ದಾರೆ ಎಂದು ಒಳಗೆ ಕರೆದೊಯ್ದರು.

ಗುಣವಾಗಿ ಮನೆಗೆ ಬಂದ ಮೇಲೆ ಇವರು ನನಗೊಂದು ಉಂಗುರ ಕೊಡಿಸುತ್ತೇನೆಂದರು. ಬೇಡವೆಂದೆ. ಆಸ್ಪತ್ರೆಯವರು ಅಷ್ಟು ಹೊತ್ತು ಇವರನ್ನು ಒಂಟಿಯಾಗಿ ಮಲಗಿಸಿದ್ದರೆಂಬ ಸಿಟ್ಟು ಇನ್ನೂ ಇಳಿದಿಲ್ಲ.