ಅವರು ಸುಮ್ಮನಿದ್ದ ಜಾಗ

ಕಡಬದ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ಮೇಲಕ್ಕೆ ಹೋದರೆ ಬೇಕರಿಗೂ ಟೈಲರ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಹಾಗಿರುವ ಒಂದು ಸಣ್ಣ ಕೋಣೆ ಸಿಸಿಲಿಯದ್ದು. ಈಗ ಅಲ್ಲಿ ಜೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಶನ್. ಬೋರ್ಡಿನ ಮೂಲೆಯಲ್ಲಿ ಮಾತ್ರ 'ಕ್ಯಾಸೆಟ್‌ನಿಂದ ಸಿಡಿ ಮಾಡಿಕೊಡಲಾಗುವುದು' ಎಂಬ ಸಾಲು ಬಿಸಿಲಿಗೆ ಮಾಸಿಕೊಂಡು ಇನ್ನೂ ಇದೆ. ಅದನ್ನು ಅಳಿಸಿಬಿಡು ಎಂದು ಗಂಡ ಅಬ್ರಹಾಂ ಎಷ್ಟೋ ಸಲ ಹೇಳಿದ್ದಾನೆ. ಸಿಸಿಲಿ ಅಳಿಸಿಲ್ಲ. ಅಪರೂಪಕ್ಕೆ ಯಾರಾದರೂ ಹಳೆಯ ಕ್ಯಾಸೆಟ್ ಹಿಡಿದು ಬಂದರೆ ಮೊದಲು ಅವರನ್ನು ಸ್ಟೂಲಿನ ಮೇಲೆ ಕೂರಿಸುತ್ತಾಳೆ.

"ಇದರಲ್ಲಿ ಎಂತ ಉಂಟು? ಮಾತಾಡುದು ಯಾರು? ಕೇಳುದು ಯಾರು?"

"ಒಂದು ಸಿಡಿ ಮಾಡ್ಲಿಕ್ಕೆ ಇಷ್ಟೆಲ್ಲ ಬೇಕಾ ಮಾರಾಯ್ರೆ?"

"ಬೇಕು," ಎನ್ನುತ್ತಾಳೆ ಸಿಸಿಲಿ. ಜೈನಬಮ್ಮ ಬರುವ ಮೊದಲು ಅವಳಿಗೂ ಅದು ಬೇಕಿರಲಿಲ್ಲ.

ಅವಳಿಗೆ ಈ ಕೆಲಸವನ್ನು ಯಾರೂ ಕಲಿಸಿದ್ದಲ್ಲ. ಅಬ್ರಹಾಂ ಮೊದಲು ಮದುವೆಗಳಿಗೆ ವಿಡಿಯೋ ತೆಗೆಯುತ್ತಿದ್ದ. ಆ ಕೆಲಸ ಬಿಟ್ಟು ರಬ್ಬರ್ ತೋಟಕ್ಕೆ ಇಳಿದಾಗ ಮನೆಯಲ್ಲಿ ಒಂದು ಕಂಪ್ಯೂಟರ್, ಒಂದು ಕ್ಯಾಸೆಟ್ ಡೆಕ್, ಒಂದು ರಾಶಿ ವೈರು ಉಳಿದವು. ಇಗರ್ಜಿಯ ಹಾಡಿನ ತಂಡದವರಿಗೆ ತಮ್ಮ ಹಾಡುಗಳ ಸಿಡಿ ಬೇಕೆಂಬ ಆಸೆ ಹುಟ್ಟಿದಾಗ ಸಿಸಿಲಿ, "ನಾನು ನೋಡ್ತೇನೆ," ಎಂದಳು. ಅಷ್ಟು ಹೇಳಿದ್ದಕ್ಕೆ ಒಂದು ವರ್ಷ ನೋಡಬೇಕಾಯಿತು.

ಅವಳು ಮಾಡಿದ ಮೊದಲ ಸಿಡಿ ಕಂಪ್ಯೂಟರಿನಲ್ಲಿ ಚೆಂದವಾಗಿ ಹಾಡಿತು. ಪಾದ್ರಿಯವರ ಪ್ಲೇಯರಿಗೆ ಹಾಕಿದರೆ ಒಂದು ಕೆಂಪು ದೀಪ ಮಿನುಗಿತೇ ಹೊರತು ಸ್ವರವೇ ಇಲ್ಲ. ಫೈಲುಗಳನ್ನು ಸುಮ್ಮನೆ ತುಂಬಿಸಿದ ಸಿಡಿ ಬೇರೆ, ಹಳೆಯ ಪ್ಲೇಯರಿಗೆ ಅರ್ಥವಾಗುವ ಆಡಿಯೋ ಸಿಡಿ ಬೇರೆ ಎಂದು ತಿಳಿಯುವಷ್ಟರಲ್ಲಿ ಒಂದು ಡಬ್ಬಿ ಡಿಸ್ಕು ಹಾಳಾಗಿತ್ತು. ಆಮೇಲೆ ಒಂದೊಂದೇ ಸಾಫ್ಟ್‌ವೇರ್ ಹಾಕಿ ನೋಡಿದಳು. ಒಂದು, ತಿಂಗಳು ಕಳೆದದ್ದೇ ದುಡ್ಡು ಕೇಳಿ ಬಾಗಿಲು ಹಾಕಿಕೊಂಡಿತು. ಇನ್ನೊಂದರಲ್ಲಿ ಎಷ್ಟು ಗುಂಡಿಗಳಿದ್ದವೆಂದರೆ ಯಾವುದನ್ನು ಮುಟ್ಟಿದರೆ ಏನಾಗುವುದೋ ಎಂದು ಹೆದರಿಕೆ. ಕೊನೆಗೆ ಎರಡನ್ನು ಇಟ್ಟುಕೊಂಡಳು. ಕತ್ತರಿಸಿ ಜೋಡಿಸಲು ಉಚಿತವಾಗಿ ಸಿಗುವ ಒಂದು, ಡಿಸ್ಕಿಗೆ ಬರ್ನ್ ಮಾಡಲು ಬೇರೆ ಏನೂ ಮಾಡಲು ಬಾರದ ಒಂದು. "ಒಂದೇ ಕೆಲಸ ಗೊತ್ತಿರುವವರನ್ನು ನಂಬಬಹುದು," ಎಂದು ಅಬ್ರಹಾಮನಿಗೆ ಹೇಳಿದಳು. "ಅದಕ್ಕೇ ಅಲ್ವಾ ನನ್ನನ್ನು ಮದುವೆಯಾದದ್ದು," ಎಂದ ಅವನು.

ಬರ್ನ್ ಮಾಡುವಾಗ ಅವಸರ ಮಾಡಬಾರದು, ವೇಗ ಕಡಿಮೆ ಇಡಬೇಕು, ಎಂಬತ್ತು ನಿಮಿಷಕ್ಕಿಂತ ಹೆಚ್ಚು ತುಂಬಿಸಬಾರದು ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಮತ್ತೊಂದು ಪಾಠ ಗಿರಾಕಿಗಳೇ ಕಲಿಸಿದ್ದು. ಸಿಡಿ ಎಲ್ಲಾದರೂ ಐದು ಸೆಕೆಂಡು ಸುಮ್ಮನಾದರೆ ಸಾಕು, "ಇದು ಹಾಳಾಗಿದೆ," ಎಂದು ವಾಪಸು ತರುತ್ತಿದ್ದರು. ಸಾಫ್ಟ್‌ವೇರಿನಲ್ಲಿ ಸದ್ದಿಲ್ಲದ ಜಾಗಗಳನ್ನೆಲ್ಲ ತಾನೇ ಹುಡುಕಿ ತೆಗೆದುಬಿಡುವ ಒಂದು ಗುಂಡಿ ಇತ್ತು. ಯಾವ ಕೆಲಸ ಬಂದರೂ ಸಿಸಿಲಿ ಮೊದಲು ಅದನ್ನೇ ಒತ್ತುತ್ತಿದ್ದಳು, ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ.

ಜೈನಬಮ್ಮ ಬಂದದ್ದು ಎರಡು ಸಾವಿರದ ಹದಿನಾಲ್ಕರಲ್ಲಿ, ಮಳೆ ಬಿಟ್ಟ ಮೇಲೆ. ಕೊಯಿಲದವರು. ಜೊತೆಗೆ ಮಗಳು ಹಸ್ನಾ. ಅವಳು ರಾಮಕುಂಜದ ಕಡೆ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಳು. ಜೈನಬಮ್ಮ ಕರವಸ್ತ್ರ ಬಿಚ್ಚಿ ಒಂದು ಕ್ಯಾಸೆಟ್ ಮೇಜಿನ ಮೇಲಿಟ್ಟರು.

"ಇವಳ ತಂದೆಯ ಸ್ವರ," ಎಂದರು.

ಅವರ ಗಂಡ ಸಾಹುಲ್ ಹಮೀದ್ ಎಂಬತ್ನಾಲ್ಕರಲ್ಲಿ ದಮ್ಮಾಮಿಗೆ ಕೆಲಸಕ್ಕೆ ಹೋದವರು. ಹೋಗುವಾಗ ಹಸ್ನಾ ಇನ್ನೂ ಹುಟ್ಟಿರಲಿಲ್ಲ. ಆಗ ಗಲ್ಫಿನಲ್ಲಿದ್ದವರು ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆಗೆ ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ಸೋಪು, ಅತ್ತರಿನ ಜೊತೆ ಕಳಿಸುತ್ತಿದ್ದರು. ಸಾಹುಲ್ ಹಮೀದ್ ಕಳಿಸಿದ್ದು ಇದೊಂದೇ. ಮರುವರ್ಷ ಅಲ್ಲಿಯೇ ಅಪಘಾತದಲ್ಲಿ ತೀರಿಕೊಂಡರು, ಅಲ್ಲಿಯೇ ದಫನಾಯಿತು. ಮಗಳ ಮುಖ ನೋಡಲಿಲ್ಲ.

ಸಿಸಿಲಿ ಕ್ಯಾಸೆಟನ್ನು ಬೆಳಕಿಗೆ ಹಿಡಿದಳು. ಮನೆಯ ಟೇಪ್‌ರೆಕಾರ್ಡರ್ ಕೆಟ್ಟ ಮೇಲೆ ಮಳೆಗಾಲವೆಲ್ಲ ಕಪಾಟಿನಲ್ಲೇ ಇದ್ದ ಟೇಪಿನ ಅಂಚಿಗೆ ಬಿಳಿ ಬೂಸಲು ಹಿಡಿದು ಸುತ್ತುಗಳು ಒಂದಕ್ಕೊಂದು ಅಂಟಿದ್ದವು.

"ಜೈನಬಮ್ಮ, ಇದು ಒಂದು ಸಲ ಓಡಬಹುದು. ಮತ್ತೆ ಓಡುದು ಕಷ್ಟ."

"ನಿನಗೆ ಒಂದು ಸಲ ಸಾಕಲ್ಲ ಮೋಳೆ?" ಎಂದು ಮಗಳನ್ನು ಕರೆಯುವ ಹಾಗೆಯೇ ಕರೆದರು ಜೈನಬಮ್ಮ. "ಮತ್ತೆ ಅದು ಕಂಪ್ಯೂಟರಲ್ಲಿ ಇರ್ತದಂತೆ, ಹಸ್ನಾ ಹೇಳಿದ್ಳು." ಹೊರಡುವಾಗ ತಿರುಗಿ ನಿಂತು, "ಒಂದೇ ಸಿಡಿಯಲ್ಲಿ ಮಾಡು. ಎರಡೆರಡು ಹಾಕಿ ತೆಗೀಲಿಕ್ಕೆ ನನಗೆ ಗೊತ್ತಾಗುದಿಲ್ಲ," ಎಂದರು.

ಟೇಪು ಓಡಿತು. ಓಡಿದಷ್ಟೂ ಅದರ ಕಪ್ಪು ಲೇಪ ಪುಡಿಯಾಗಿ ಡೆಕ್ಕಿನೊಳಗೆ ಉದುರಿತು. ಎರಡೂ ಬದಿ ಮುಗಿಯುವಾಗ ಕ್ಯಾಸೆಟ್ಟಿನಲ್ಲಿ ಉಳಿದದ್ದು ಆಚೆಯ ಗೋಡೆ ಕಾಣುವಂಥ ಬರೀ ಪ್ಲಾಸ್ಟಿಕ್ ಪಟ್ಟಿ. ಆದರೆ ಸ್ವರ ಅಷ್ಟೂ ಕಂಪ್ಯೂಟರಿಗೆ ಬಂದಿತ್ತು. ಸಿಸಿಲಿ ಶಿಲುಬೆ ಗುರುತು ಮಾಡಿಕೊಂಡಳು.

ಟೇಪಿನ ಬ್ಯಾರಿ ಮಾತು ಅವಳ ಮನೆಮಾತು ಮಲಯಾಳಕ್ಕೆ ದೂರದ್ದಲ್ಲ. ಕಿವಿಗೊಟ್ಟರೆ ಎಲ್ಲ ತಿಳಿಯುತ್ತಿತ್ತು. ಹಾಗೆ ತಿಳಿಯುತ್ತದೆ ಎಂದೇ ಅವಳು ಕಿವಿಗೊಡಲಿಲ್ಲ. ಗಂಡ ಹೆಂಡತಿಗೆ ಆಡಿದ ಮಾತು. ಇನ್ನೊಬ್ಬರ ಕಾಗದ ಬಿಚ್ಚಿ ಓದುವುದು ಪಾಪವೆಂದರೆ ಇದೂ ಪಾಪವೇ. "ಜೈನಬಾ" ಎಂಬ ಮೊದಲ ಕರೆ ಕೇಳಿದ್ದೇ ಅವಳು ಸ್ವರವನ್ನು ಪೂರ್ತಿ ಇಳಿಸಿಬಿಟ್ಟಳು. ಆಮೇಲೆ ಕೆಲಸವೆಲ್ಲ ಕಣ್ಣಿನಲ್ಲಿಯೇ. ಪರದೆಯ ಮೇಲೆ ಮಾತುಗಳು ಸಣ್ಣ ಸಣ್ಣ ಗುಡ್ಡಗಳ ಹಾಗೆ ಎದ್ದು ಕಾಣುತ್ತಿದ್ದವು, ನಡುನಡುವೆ ಸಪಾಟು ಬಯಲು. ಒಟ್ಟು ತೊಂಬತ್ತು ನಿಮಿಷ. ಒಂದು ಸಿಡಿಗೆ ಹತ್ತು ನಿಮಿಷ ಹೆಚ್ಚು.

ಅವಳು ಎಂದಿನ ಗುಂಡಿ ಒತ್ತಿದಳು. ಬಯಲುಗಳೆಲ್ಲ ಮಾಯವಾಗಿ ಗುಡ್ಡಕ್ಕೆ ಗುಡ್ಡ ಬಂದು ಸೇರಿತು. ಅರುವತ್ತನಾಲ್ಕು ನಿಮಿಷ! ಒಂದೇ ಡಿಸ್ಕಿಗೆ ಆರಾಮವಾಗಿ ಹಿಡಿಸಿತು. ಮೊದಲಿನ ಹೆಸರಿನ ಮೇಲೆಯೇ ಸೇವ್ ಮಾಡಿ, ನಿಧಾನ ವೇಗದಲ್ಲಿ ಬರ್ನ್ ಮಾಡಿ, ಡಿಸ್ಕಿನ ಮೇಲೆ ದುಂಡಗಿನ ಅಕ್ಷರದಲ್ಲಿ 'ಸಾಹುಲ್ ಹಮೀದ್' ಎಂದು ಬರೆದಳು. ಕೆಲಸ ಚೆಂದವಾಯಿತು ಎಂಬ ಸಮಾಧಾನದಲ್ಲಿ ಆ ದಿನ ಜಪಮಾಲೆಯಲ್ಲಿ ಆ ಹೆಸರನ್ನೂ ಸೇರಿಸಿಕೊಂಡಳು.

ಜೈನಬಮ್ಮ ಸಿಡಿ ತೆಗೆದುಕೊಂಡು ಹೋದ ಮೂರನೆಯ ದಿನ ಬೆಳಗಿನ ಬಸ್ಸಿಗೆ ಮತ್ತೆ ಬಂದರು. ಹಸ್ನಾ ಶಾಲೆಗೆ ರಜೆ ಹಾಕಿ ಜೊತೆಗೆ ಬಂದಿದ್ದಳು. ಜೈನಬಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವರ ಹಾಗೆ ಇದ್ದರು.

"ಮೋಳೆ, ಇವರಿಗೆ ಎಂತ ಇಷ್ಟು ಅವಸರ?"

"ಯಾರಿಗೆ ಜೈನಬಮ್ಮ?"

"ಇವರಿಗೆ. ಕೇಳುದು, ಹೋಗುದು. ಕೇಳುದು, ಹೋಗುದು. ನನಗೆ ಒಂದು ಮಾತು ಹೇಳ್ಲಿಕ್ಕೆ ಬಿಡುದಿಲ್ಲ."

ಸಿಸಿಲಿಗೆ ಅರ್ಥವಾಗಲಿಲ್ಲ. ಹಸ್ನಾ ನೆಲ ನೋಡುತ್ತ ಬಿಡಿಸಿ ಹೇಳಿದಳು. "ಸಿಸಿಲಿ ಚೇಚಿ, ಉಪ್ಪ ಅದರಲ್ಲಿ ಬರೀ ಮಾತಾಡಿದ್ದಲ್ಲ. 'ಸುಖದಲ್ಲಿದ್ದೀಯಾ?' ಅಂತ ಕೇಳಿ ಸುಮ್ಮನಿರ್ತಿದ್ರು. ಉಮ್ಮ ಉತ್ತರ ಹೇಳ್ಬೇಕು. ಆಮೇಲೆ, 'ನನ್ನ ಉಮ್ಮನ ಕಾಲುನೋವು ಹೇಗುಂಟು?' ಮತ್ತೆ ಸುಮ್ಮನೆ. ಇಡೀ ಕ್ಯಾಸೆಟ್ ಹಾಗೇ. ಪ್ರತಿ ಶುಕ್ರವಾರ ಉಮ್ಮ ಬಾಗಿಲು ಓರೆ ಮಾಡಿ ಕೂತು ಉತ್ತರ ಹೇಳ್ತಿದ್ರು. ಮೂವತ್ತು ವರ್ಷದಿಂದ."

ಸಿಸಿಲಿಯ ಕೈ ಮೌಸಿನ ಮೇಲೆಯೇ ಇತ್ತು. ಅಳಿಸಿದ ಬಯಲುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಇಪ್ಪತ್ತಾರು ನಿಮಿಷ.

"ಪಾಝ್ ಗುಂಡಿ ಒತ್ತಿ ನಿಲ್ಲಿಸಿ ಉತ್ತರ ಹೇಳಿ ಅಂತ ನಾನು ಹೇಳಿದೆ," ಎಂದಳು ಹಸ್ನಾ.

"ಅವರ ಬಾಯಿ ನಾನು ಮುಚ್ಚುದಾ?" ಎಂದರು ಜೈನಬಮ್ಮ. "ಅವರಾಗಿ ಸುಮ್ಮನಿರುದು ಬೇರೆ."

ಸಿಸಿಲಿ ನಡೆದದ್ದನ್ನು ಮುಚ್ಚಿಡಲಿಲ್ಲ. ಗುಂಡಿಯ ವಿಷಯ, ಹಳೆಯ ಹೆಸರಿನ ಮೇಲೆ ಸೇವ್ ಮಾಡಿ ಮೊದಲಿನದ್ದು ಅಳಿದುಹೋದದ್ದು, ಪುಡಿಯಾದ ಟೇಪು, ಎಲ್ಲ ಹೇಳಿದಳು. "ನಾನು ಕೇಳಲಿಲ್ಲ ಜೈನಬಮ್ಮ. ನಿಮ್ಮಿಬ್ಬರ ಮಾತು ನಾನು ಕೇಳಬಾರದು ಅಂತ ಸ್ವರ ಇಳಿಸಿದೆ."

ಜೈನಬಮ್ಮ ತಲೆಯ ಮೇಲಿನ ತಟ್ಟಂ ಸರಿಮಾಡಿಕೊಂಡು, "ಖಾಲಿ ಜಾಗ ಹಾಕ್ಲಿಕ್ಕೆ ಬರ್ತದಾ?" ಎಂದು ಕೇಳಿದರು.

ಬರುತ್ತಿತ್ತು. ಎಲ್ಲಿ, ಎಷ್ಟು ಎಂಬುದು ಜೈನಬಮ್ಮನಿಗೆ ಮಾತ್ರ ಗೊತ್ತಿತ್ತು. ಅಂಗಡಿಯ ಬಾಗಿಲು ಅರ್ಧ ಎಳೆದು ಹೆಡ್‌ಫೋನನ್ನು ಅವರ ಕಿವಿಗೆ ಇಟ್ಟಳು. ಪ್ರಶ್ನೆ ಮುಗಿದಾಗ ಅವರು ಕೈ ಎತ್ತಬೇಕು. ಸಿಸಿಲಿ ಅಲ್ಲಿಗೆ ನಿಲ್ಲಿಸುತ್ತಾಳೆ. ಅವರು ಎಂದಿನ ಉತ್ತರ ಹೇಳಿ ಮತ್ತೆ ಕೈ ಎತ್ತಿದರೆ ಅಷ್ಟು ಸೆಕೆಂಡುಗಳ ಮೌನವನ್ನು ಸೇರಿಸುತ್ತಾಳೆ. ಜೈನಬಮ್ಮ ಗೋಡೆಯ ಕಡೆ ತಿರುಗಿ ಪಿಸುಗುಟ್ಟುತ್ತಿದ್ದರು. ನಾಚಿಕೆಯಿಂದ ಕತ್ತು ಬಗ್ಗಿತ್ತು. ಸಿಸಿಲಿ ಅವರ ಕೈಯನ್ನೊಂದೇ ನೋಡಿದಳು. ಎರಡು ದಿನ ಹೀಗೆ ಕೂತರು. ಅಳತೆ ಹೆಚ್ಚುಕಡಿಮೆ ಸರಿಯಾಗಿಯೇ ಬಂತು. ಈ ಸಲ ಎರಡು ಡಿಸ್ಕ್ ಆಗುತ್ತದೆಂದಾಗ, "ಆಗ್ಲಿ, ಹಾಕಿ ತೆಗೀಲಿಕ್ಕೆ ಕಲೀತೇನೆ," ಎಂದರು ಜೈನಬಮ್ಮ.

ಬರ್ನ್ ಮಾಡುವ ಮೊದಲು ಒಮ್ಮೆ ಕೇಳಿಸಿದಳು. ನಾಲ್ಕನೆಯ ಮೌನಕ್ಕೆ ಜೈನಬಮ್ಮ ಹೆಡ್‌ಫೋನ್ ತೆಗೆದರು.

"ಇದು ಅಲ್ಲ ಮೋಳೆ."

"ಹೊತ್ತು ಕಡಿಮೆಯಾಯ್ತಾ?"

"ಹೊತ್ತು ಸರಿ ಉಂಟು. ಅದರಲ್ಲಿ ಅವರ ಉಸಿರು ಕೇಳ್ತಿತ್ತು. ಮೇಲೆ ಒಂದು ಫ್ಯಾನು, ಕಟಕಟ ಅಂತ. ಒಂದು ಕಡೆ ಕೆಮ್ಮಿ ಕೆಮ್ಮು ನುಂಗ್ತಾರೆ, ನನಗೆ ಗೊತ್ತಾಗಬಾರದು ಅಂತ." ಅವರ ಸ್ವರ ಸಣ್ಣದಾಯಿತು. "ಮೊದಲು ಇವರು ಸುಮ್ಮನಿದ್ದದ್ದು. ಇದರಲ್ಲಿ ಇವರು ಇಲ್ಲ."

ಆ ವಾರವಿಡೀ ಸಿಸಿಲಿಗೆ ಊಟ ಸೇರಲಿಲ್ಲ. ಕಂಪ್ಯೂಟರಿನ ಮೂಲೆ ಮೂಲೆ ಹುಡುಕಿದಳು. ಕೊನೆಗೆ ಉಳಿದ ಮಾತುಗಳ ನಡುವೆ ಒಂದು ಕಡೆ, ಮಾತೂ ಅಲ್ಲದ, ಬಯಲೂ ಅಲ್ಲದ ಹನ್ನೊಂದು ಸೆಕೆಂಡು ಸಿಕ್ಕಿತು. ಅಲ್ಲಿ ಸಾಹುಲ್ ಹಮೀದ್ ಪ್ರಶ್ನೆ ಕೇಳಿ ಸುಮ್ಮನಿರುವಾಗ ಹಿಂದೆ ಯಾರೋ ನಲ್ಲಿ ಬಿಟ್ಟು ಬಕೆಟಿಗೆ ನೀರು ತುಂಬಿಸಿದ್ದರು. ಆ ಸದ್ದಿಗೆ ಗುಂಡಿ ಆ ಜಾಗವನ್ನು ಬಿಟ್ಟುಬಿಟ್ಟಿತ್ತು. ಅಷ್ಟನ್ನು ಮಾತ್ರ ಕೇಳಿ ನೋಡಿದಳು. ಫ್ಯಾನಿನ ಕಟಕಟ ಇತ್ತು. ಉಸಿರೂ ಇತ್ತು. ಸಿಸಿಲಿ ಅದನ್ನು ನಕಲು ಮಾಡಿ ಮೌನ ಇದ್ದಲ್ಲೆಲ್ಲ ಅಂಟಿಸಿದಳು. ಜೈನಬಮ್ಮನಿಗೆ ಏನೂ ಹೇಳದೆ ಕೇಳಿಸಿದಳು.

ಮೊದಲನೆಯದಕ್ಕೆ ಅವರ ಕಣ್ಣು ಅರಳಿತು. ಎರಡನೆಯದಕ್ಕೆ ಹುಬ್ಬು ಗಂಟಾಯಿತು. ಮೂರನೆಯದಕ್ಕೆ ಅವರು ನಕ್ಕುಬಿಟ್ಟರು.

"ಇದೆಂತ ಮೋಳೆ, ಎಷ್ಟು ಬಕೆಟ್ ನೀರು ತುಂಬಿಸುದು! ಆ ರೂಮಿನಲ್ಲಿ ಮದುವೆ ಉಂಟಾ?"

ಹಸ್ನಾ ನಕ್ಕಳು, ಸಿಸಿಲಿಯೂ ನಕ್ಕಳು. ನಗುತ್ತಿದ್ದ ಹಾಗೆಯೇ ಸಿಸಿಲಿಯ ಕಣ್ಣಿನಿಂದ ನೀರು ಇಳಿಯಿತು. ಜೈನಬಮ್ಮ ಅವಳ ಮಣಿಕಟ್ಟು ಹಿಡಿದುಕೊಂಡರು.

"ಆ ನೀರು ಒಂದು ಕಡೆ ಮಾತ್ರ. ಮಗು ಯಾರ ಹಾಗೆ ಉಂಟು ಅಂತ ಕೇಳುವಲ್ಲಿ. ಅದನ್ನು ಬೇರೆ ಕಡೆ ಹಾಕಬೇಡ. ಬಾಕಿ ಎಲ್ಲ ನೀನು ಮೊದಲು ಕೊಟ್ಟ ಸಿಡಿಯ ಹಾಗೇ ಇರ್ಲಿ. ಅವರಿಗೆ ಈಗ ಅವಸರ ಉಂಟು ಅಂತ ತಿಳ್ಕೊಳ್ತೇನೆ."

"ನನ್ನನ್ನು ಕ್ಷಮಿಸಿ ಜೈನಬಮ್ಮ."

"ಕೂತ್ಕೋ. ಹೆಡ್‌ಫೋನ್ ಬೇಡ, ದೊಡ್ಡದಾಗಿ ಹಾಕು. ಈ ಸಲ ನೀನು ಕೇಳು. ಕೇಳದ್ದಕ್ಕೇ ಹೀಗಾದದ್ದು."

ಸಿಸಿಲಿ ಅಂಟಿಸಿದ್ದನ್ನೆಲ್ಲ, ಖಾಲಿ ಜಾಗಗಳನ್ನೂ ತೆಗೆದು ಸ್ಪೀಕರಿನ ಸ್ವರ ಏರಿಸಿದಳು. ಮೊದಲ ಬಾರಿಗೆ ಆ ಮನುಷ್ಯನ ಸ್ವರವನ್ನು ಸರಿಯಾಗಿ ಕೇಳಿದಳು. ಎಳೆಯ ಸ್ವರ, ಇಪ್ಪತ್ತೈದರ ಆಸುಪಾಸಿನದ್ದು. ಎದುರು ಕೂತಿದ್ದ ಹೆಂಡತಿಗೆ ಐವತ್ತು ದಾಟಿತ್ತು. ಸಾಹುಲ್ ಹಮೀದ್ ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತ ಹೋದರು. ಜೈನಬಮ್ಮ ತುಟಿ ಬಿಗಿಹಿಡಿದು ಕಾದರು.

"ಮಗು ಯಾರ ಹಾಗೆ ಉಂಟು ಜೈನಬಾ?"

ನಲ್ಲಿ ಬಿಟ್ಟ ಸದ್ದು. ಖಾಲಿ ಬಕೆಟಿಗೆ ನೀರು ಬಿತ್ತು. ಫ್ಯಾನು ಕಟಕಟ ಎಂದಿತು.

"ನಿಮ್ಮ ಹಾಗೆ," ಎಂದರು ಜೈನಬಮ್ಮ. ಬಕೆಟು ಅರ್ಧ ತುಂಬಿದ ಸದ್ದಾಗುವವರೆಗೆ ತಡೆದು, "ಸಿಟ್ಟು ಕೂಡ ನಿಮ್ಮದೇ," ಎಂದರು. ನಲ್ಲಿ ನಿಂತಿತು. ಅದೇ ಕ್ಷಣಕ್ಕೆ ಸಾಹುಲ್ ಹಮೀದ್, ಕೇಳಿಸಿಕೊಂಡವರ ಹಾಗೆ, ಮೆಲ್ಲಗೆ ನಕ್ಕರು. ಗೋಡೆಗೊರಗಿ ನಿಂತಿದ್ದ ಹಸ್ನಾ ಮುಖ ತಿರುಗಿಸಿಕೊಂಡಳು.

"ನಿನಗೆ ಇಲ್ಲಿಂದ ಎಂತ ತರಲಿ?" ಎಂದು ಕೇಳಿದರು ಅವರು.

ಜೈನಬಮ್ಮ ಬಾಯಿ ತೆರೆದರು. ಅಷ್ಟರಲ್ಲಿ ಸಾಹುಲ್ ಹಮೀದ್ ಮುಂದಿನ ಮಾತಿಗೆ ಹೋಗಿಯಾಗಿತ್ತು.