ಎರಡೂವರೆ ಅಡಿಯ ಬಾಗಿಲು

ಸಾವನದುರ್ಗದ ಬುಡದಲ್ಲಿ ಬೆಂಗಳೂರಿನ ಚಿತ್ರ ಕಲಾವಿದೆಯೊಬ್ಬರು ಬೇಸಿಗೆಗೆಂದು ಮನೆ ಮಾಡಿಕೊಂಡಿದ್ದರು. ಅದರ ತೋಟದಲ್ಲಿ ಜಪಾನಿನವರ ಹಾಗೆ ಕೂತು ಚಹಾ ಕುಡಿಯಲು ಮರದ ಪುಟ್ಟ ಮನೆ ಬೇಕೆಂದು ನನ್ನನ್ನು ಕರೆಸಿದರು. ನಾನು ಮರಗೆಲಸದವನು. ಬಿಡದಿಯಲ್ಲಿ ಕಾರ್ಖಾನೆಗಳು ಎದ್ದು, ನಮ್ಮ ಕಡೆಯವರೆಲ್ಲ ಕಬ್ಬಿಣದ ಬಾಗಿಲಿಗೆ ಮನಸೋತಿದ್ದ ಕಾಲ ಅದು. ನನ್ನ ಉಳಿಗೆ ತುಕ್ಕು ಹಿಡಿದಿತ್ತು.

ಮರವನ್ನು ಬಿಡದಿಯ ಗುಜರಿಯಿಂದಲೇ ತಂದೆ. ಯಂತ್ರಗಳು ಹಡಗಿನಲ್ಲಿ ಬಂದ ಪೆಟ್ಟಿಗೆಗಳ ಹಲಗೆ. ಒಂದೂ ಮೊಳೆ ಹೊಡೆಯದೆ, ಮರಕ್ಕೆ ಮರ ಕಚ್ಚಿಸಿ ನಿಲ್ಲಿಸಿದೆ. ಬಾಗಿಲು ಮಾತ್ರ ಎರಡೂವರೆ ಅಡಿ. ಎಂಥ ದೊಡ್ಡ ಮನುಷ್ಯನೂ ಮಂಡಿಯೂರಿಯೇ ಒಳಗೆ ಬರಬೇಕು, ಜಪಾನಿನ ಪದ್ಧತಿಯೇ ಹಾಗೆ ಎಂದು ಮೇಡಂ ಹೇಳಿದಾಗ ನನಗೆ ಎಲ್ಲಿಲ್ಲದ ಖುಷಿ.

ಪೂಜೆಗೆ ಊರ ಯಜಮಾನರನ್ನು ಕರೆದರು. ತೋಟದ ದಾರಿ ಅವರ ಹೊಲದ ಮೇಲೇ ಹಾದುಹೋಗುತ್ತಿತ್ತು. ಅವರೆದುರು ನನ್ನಪ್ಪ ಕೂತದ್ದನ್ನು ನಾನು ಕಂಡೇ ಇಲ್ಲ. ಅವರ ಮನೆಯ ಅಷ್ಟೂ ಬಾಗಿಲು ಮಾಡಿಕೊಟ್ಟವನು, ಜಗಲಿಯ ಪಕ್ಕ ನಿಂತೇ ಮುದುಕನಾದ.

ಯಜಮಾನರು ಶಾಸ್ತ್ರದಂತೆ ಬಲಗಾಲು ಮುಂದಿಟ್ಟರು. ಕಾಲು ಒಳಗೆ, ತಲೆ ಹೊರಗೆ. ಹಿಂದೆ ಸರಿದು ಮತ್ತೊಮ್ಮೆ ಅದೇ ಕಾಲಿಟ್ಟರು. ಯಾರೋ ಕಿಸಕ್ಕೆಂದರು.

"ಏನ್ಲಾ ಆಚಾರಿ, ಇದು ಬಾಗ್ಲಾ, ಕೋಳಿಗೂಡಾ? ಮೂರಡಿ ಎತ್ತು. ಅಲ್ಲೀಗಂಟ ನಾನು ಒಳೀಕ್ ಬರಾಕಿಲ್ಲ."

ದಾರಿ ಮುಚ್ಚಿಸಿದರೆ ಏನು ಗತಿ ಎಂದು ಮೇಡಂ ಅಳುಕಿದರು. ಎತ್ತಿಬಿಡಿ ಎಂದು ನನಗೆ ಮೆಲ್ಲಗೆ ಹೇಳಿದರು. ಎತ್ತಲು ಮೇಲಿನ ಅಡ್ಡಮರ ಕೊಯ್ಯಬೇಕು. ಅದನ್ನು ಕೊಯ್ದರೆ ನಾಲ್ಕು ತಿಂಗಳು ಕಚ್ಚಿಸಿದ್ದೆಲ್ಲ ಸಡಿಲ. ಉಳಿಯನ್ನು ಯಜಮಾನರ ಮುಂದಿಟ್ಟೆ.

"ನಾನ್ ಎತ್ತಾಕಿಲ್ಲ ಯಜಮಾನ್ರೆ. ಬೇರೆಯವ್ರ್ ಕೈಲಿ ಕುಯ್ಸಿ."

ಈ ಸೀಮೆಯಲ್ಲಿ ಇನ್ನು ನಿನಗೆ ಯಾರು ಕೆಲಸ ಕೊಡುತ್ತಾರೋ ನೋಡುತ್ತೇನೆ ಎಂದರು. ನೋಡಲಿ. ಭಯವಾಗಲಿಲ್ಲ ಎಂದರೆ ಸುಳ್ಳು. ಆದರೂ ಮಂಡಿಯೂರಿ ಒಳಗೆ ಹೋಗಿ ಬಾಗಿಲಿಗೆ ಎದುರಾಗಿ ಕೂತೆ. ಸ್ವಲ್ಪ ಹೊತ್ತಿಗೆ ಮೇಡಂ ಬಂದರು. ಅವರ ಹಿಂದೆ ಊರಿನ ನಾಲ್ಕೈದು ಮಂದಿ ನಗುತ್ತಾ, ಒಬ್ಬರ ಕಾಲು ಒಬ್ಬರು ತುಳಿಯುತ್ತಾ ಬಂದರು.

ಹೊರಗೆ ಬಿಸಿಲಲ್ಲಿ ಯಜಮಾನರೊಬ್ಬರೇ ಉಳಿದರು. ಒಳಗಿನಿಂದ ಕಾಣುತ್ತಿದ್ದುದು ಇಸ್ತ್ರಿ ಪಂಚೆಯ ಅಂಚು, ಚಪ್ಪಲಿ ಅಷ್ಟೆ. ಚಹಾ ಒಂದು ಸುತ್ತು ಮುಗಿಯಿತು. ಆಮೇಲೆ ಆ ಚಪ್ಪಲಿ ಕಾಲಿನಿಂದ ಕಳಚಿ ಬದಿಗೆ ಸರಿಯಿತು.

ಮೊದಲು ಒಳಗೆ ಬಂದದ್ದು ಅವರ ಬೋಳು ತಲೆ. ಕೂತವರೆಲ್ಲ ಅಭ್ಯಾಸಬಲದಿಂದ ದಡಬಡಿಸಿ ಏಳಹೋದರು.

ನಾನು ಕೂತೇ ಇದ್ದೆ.