ಕೇಳದೆ ಮಾತಾಡದ ರಕ್ಕಸ

ನೀರುಗಂಟಿ ಗಾಳೆಪ್ಪನ ಗಂಟಲಿಗೆ ಊರಲ್ಲಿ ಎದುರಿಲ್ಲ. ಹಗರಿಬೊಮ್ಮನಹಳ್ಳಿಗೂ ಕೊಟ್ಟೂರಿಗೂ ನಡುವೆ ಇರುವ ಆ ಹಳ್ಳಿಯಲ್ಲಿ ಅವನು ವಾಲ್ವು ತಿರುಗಿಸಿ ನೀರು ಬಿಟ್ಟೆನೆಂದು ಒಮ್ಮೆ ಕೂಗಿದರೆ ಪಕ್ಕದ ಹಳ್ಳಿಯ ಹೆಂಗಸರೂ ಕೊಡ ಹುಡುಕುತ್ತಾರೆ. ಆದರೆ ದೇವರು ಆ ಗಂಟಲು ಕೊಟ್ಟದ್ದು ನೀರಿಗಲ್ಲ, ರಕ್ಕಸನ ಪಾತ್ರಕ್ಕೆ ಎಂಬುದು ಗಾಳೆಪ್ಪನ ನಂಬಿಕೆ. ವರ್ಷಾನುಗಟ್ಟಲೆ ಬಯಲಾಟದಲ್ಲಿ ರಕ್ಕಸನಾಗಿ ಕುಣಿದು, ಅಬ್ಬರಿಸಿ, ಕೊನೆಗೆ ರಾಜನ ಕೈಯಲ್ಲಿ ಸತ್ತವನು ಅವನು. ಸಾಯುವುದಕ್ಕೇ ಅರ್ಧ ತಾಸು ತೆಗೆದುಕೊಳ್ಳುತ್ತಿದ್ದ. ಕತ್ತಿ ಹಿಡಿದ ರಾಜ ಕಾದು ಕಾದು ಆಕಳಿಸುತ್ತಿದ್ದ.

ಬಯಲಾಟದಲ್ಲಿ ಒಂದು ಪದ್ಧತಿ ಉಂಟು. ಯಾವ ಪಾತ್ರವೂ ತಾನಾಗಿ ಬಾಯಿ ಬಿಡುವಂತಿಲ್ಲ. ಪರದೆ ಸರಿಸಿ ಬಂದವನನ್ನು ಸಾರಥಿ ಎಂಬುವನು, ನೀವು ಯಾರು, ನಿಮ್ಮ ಹೆಸರೇನು ಎಂದು ಕೇಳಬೇಕು. ಆಮೇಲೆಯೇ ರಾಜನಾಗಲಿ ರಕ್ಕಸನಾಗಲಿ ತನ್ನ ಪ್ರತಾಪ ಕೊಚ್ಚಿಕೊಳ್ಳಬೇಕು. ಗಾಳೆಪ್ಪನನ್ನು ಹಾಗೆ ಕೇಳುತ್ತಿದ್ದವನು ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಜಂಬಣ್ಣ. ಚಿಕ್ಕಂದಿನ ಗೆಳೆಯ, ಒಂದೇ ತಟ್ಟೆಯಲ್ಲಿ ಉಂಡವನು. ಐದು ವರ್ಷದ ಹಿಂದೆ, ಬಣ್ಣ ಹಚ್ಚಿಕೊಳ್ಳುವಾಗ ಗಾಳೆಪ್ಪನ ನಾಲಿಗೆ ತುರಿಸಿತು. ಸಾರಥಿ ಪಾತ್ರ ಏನು ಮಹಾ, ಯಾರು ಎಲ್ಲಿಗೆ ಎಂದು ಕೇಳುವುದು ಬಸ್ಸಿನ ಕಂಡಕ್ಟರಿಗೂ ಬರುತ್ತದೆ ಎಂದುಬಿಟ್ಟ. ಜಂಬಣ್ಣ ಏನೂ ಅನ್ನಲಿಲ್ಲ. ಪರದೆ ಸರಿದಾಗಲೂ ಏನೂ ಅನ್ನಲಿಲ್ಲ.

ಕಿರೀಟ ಹೊತ್ತ ಗಾಳೆಪ್ಪ ಕುಣಿದ, ಸುತ್ತಿ ಕುಣಿದ, ಮೊಣಕಾಲು ಕಳಚುವತನಕ ಕುಣಿದ. ಜಂಬಣ್ಣ ಎತ್ತಲೋ ನೋಡುತ್ತಾ ಎಲೆಅಡಿಕೆ ಮೆಲ್ಲುತ್ತಿದ್ದ. ಕೊನೆಗೆ ರಕ್ಕಸ ಬಂದ ದಾರಿ ಹಿಡಿದು ಒಳಗೆ ಹೋದ. ಕೊಲ್ಲಲು ಯಾರೂ ಸಿಗದ ರಾಜ, ಪಾಪ, ಗಾಳಿಗೆ ಕತ್ತಿ ಬೀಸಿ ಮಂಗಳ ಹಾಡಿಸಿದ. ಅವತ್ತಿನಿಂದ ಗೆಳೆಯರಿಗೆ ಮಾತಿಲ್ಲ, ಊರಿಗೆ ಬಯಲಾಟವಿಲ್ಲ.

ಹೋದ ವರ್ಷ ಕ್ರಾಂತಿಕುಮಾರ್ ಗಾಳೆಪ್ಪನ ಮನೆ ಹುಡುಕಿಕೊಂಡು ಬಂದ. ಹಗರಿಬೊಮ್ಮನಹಳ್ಳಿಯಲ್ಲಿ ಅವನದೊಂದು ರೆಕಾರ್ಡಿಂಗ್ ಕೋಣೆ ಇತ್ತು. ಭಜನೆ ಹಾಡು, ಆಟೋದಲ್ಲಿ ಕೂಗುವ ಜಾಹೀರಾತು ಎಲ್ಲ ಅಲ್ಲೇ ತಯಾರಾಗುತ್ತಿದ್ದವು. ಈಗ ಅವನಿಗೆ ದೊಡ್ಡ ಕೆಲಸ ಸಿಕ್ಕಿತ್ತು. ಪರದೇಶದ ಕಾಮಿಕ್ಸ್ ಪುಸ್ತಕದಿಂದ ಮಾಡಿದ ಕಾರ್ಟೂನ್ ಸಿನಿಮಾ, ಅದರಲ್ಲಿ ಆರು ಜನ ಸೂಪರ್‌ಹೀರೋಗಳ ತಂಡ, ಅವರೆದುರು ಒಬ್ಬ ಖಳ. ಮೊಬೈಲಿನಲ್ಲಿ ನೋಡುವವರಿಗಾಗಿ ಅದನ್ನು ನಮ್ಮ ಕಡೆಯ ಮಾತಿಗೆ ತರಬೇಕು. ಖಳನಿಗೆ ಶೂನ್ಯಾಸುರ ಎಂದು ಅವನೇ ಹೆಸರಿಟ್ಟಿದ್ದ. ದನಿ ಗಾಳೆಪ್ಪನದೇ ಆಗಬೇಕು ಎಂದ.

ಗಾಳೆಪ್ಪ ಕಾಮಿಕ್ಸ್ ಪುಸ್ತಕ ತಿರುವಿ ನೋಡಿದ. ಶೂನ್ಯಾಸುರನಿಗೆ ಮೀಸೆಯೇ ಇರಲಿಲ್ಲ. ಅದು ಹೋಗಲಿ ಅಂದರೆ, ಆರು ಜನ ಸೇರಿ ಒಬ್ಬನನ್ನು ಬಡಿಯುವುದು ಯಾವ ಸೀಮೆಯ ಶೂರತನ ಎಂದು ಕೇಳಿದ. ಈ ಅಸುರ ಜಗತ್ತಿನ ಕರೆಂಟನ್ನೆಲ್ಲ ನುಂಗುತ್ತಾನೆ ಎಂದು ಕ್ರಾಂತಿಕುಮಾರ್ ಕತೆ ಬಿಡಿಸಿದಾಗ ಗಾಳೆಪ್ಪನ ಹೆಂಡತಿ ಹಂಪಮ್ಮ ಒಲೆಯ ಮುಂದಿನಿಂದಲೇ, "ಕರೆಂಟು ತೆಗಿಯಾಕ ರಕ್ಕಸ ಯಾಕ ಬೇಕಪಾ, ನಮ್ಮೂರಾಗ ನಾಕು ಹನಿ ಮಳಿ ಸಾಕು" ಎಂದಳು.

ಗಾಳೆಪ್ಪ ಒಪ್ಪಿದ. ಒಪ್ಪದೆ ಇರುತ್ತಾನೆಯೇ? ಸಾಯುವುದರೊಳಗೆ ಇನ್ನೊಮ್ಮೆ ರಕ್ಕಸನಾಗಬೇಕೆಂಬ ಆಸೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ರೆಕಾರ್ಡಿಂಗ್ ದಿನ ಪರದೆಯ ಮೇಲೆ ಶೂನ್ಯಾಸುರ ಹೊಗೆಯೊಳಗಿಂದ ಬಂದ, ನಿಂತ, ಒಂದಿಷ್ಟು ಹೊತ್ತು ಸುಮ್ಮನೆ ದುರುಗುಟ್ಟಿದ, ಆಮೇಲೆ ಬಾಯಿ ತೆರೆದ. ಗಾಳೆಪ್ಪನ ಬಾಯಿ ತೆರೆಯಲಿಲ್ಲ. ಮತ್ತೆ ಹಾಕಿದರು, ಮತ್ತೆ ಇಲ್ಲ. ಮಾತೆಲ್ಲ ಬಾಯಿಪಾಠವಾಗಿತ್ತು, ಆದರೆ ಯಾರೂ ಕೇಳದೆ ಅದು ಹೊರಗೆ ಬರಲೊಲ್ಲದು. ಕಾರಣ ತಿಳಿದ ಕ್ರಾಂತಿಕುಮಾರ್ ತಾನೇ, ಯಾರ್ರಿ ನೀವು ಎಂದು ಕೇಳಿ ನೋಡಿದ. ಬ್ಯಾಂಕಿನ ಕಿಟಕಿಯಲ್ಲಿ ಕೇಳಿದಂತಿತ್ತು. ನೀರುಗಂಟಿ ಗಾಳೆಪ್ಪ ರೀ ಎಂದು ಉತ್ತರ ಬಂತು. ನಾಳೆಯೂ ಹೀಗೇ ಆದರೆ ಪಾತ್ರವನ್ನು ಮೌನೇಶನಿಗೆ ಕೊಡುತ್ತೇನೆ ಎಂದು ಕ್ರಾಂತಿಕುಮಾರ್ ಬೇಸರದಿಂದ ಹೇಳಿ ಕಳಿಸಿದ. ಮೌನೇಶ ಆಟೋದಲ್ಲಿ ಸೀರೆಯ ರಿಯಾಯಿತಿ ಸಾರುವವನು.

ಬಸ್ಸಿಳಿದ ಗಾಳೆಪ್ಪ ಮನೆಗೆ ಹೋಗದೆ ಜಂಬಣ್ಣನ ಅಂಗಡಿಯ ಮುಂದೆ ನಿಂತ. ಚಹಾ ಸೋಸುತ್ತಿದ್ದ ಜಂಬಣ್ಣ ತಲೆ ಎತ್ತಲಿಲ್ಲ.

"ಜಂಬ್ಯಾ, ನೀ ಕೇಳಲಿಲ್ಲಂದ್ರ ನನಗ ಮಾತೇ ಬರವಲ್ದು," ಎಂದ ಗಾಳೆಪ್ಪ. "ಕಂಡಕ್ಟರಿಗೂ ಬರ್ತೈತಿ ಅಂದಿದ್ನಲ್ಲ, ಯಾರಿಗೂ ಬರಂಗಿಲ್ಲಲೇ ಅದು."

ಜಂಬಣ್ಣ ಸೋಸಿದ್ದನ್ನೇ ಮತ್ತೊಮ್ಮೆ ಸೋಸಿದ. ಆಮೇಲೆ, ನಾಳೆ ಎಷ್ಟು ಗಂಟೆಯ ಬಸ್ಸು ಎಂದು ಕೇಳಿದ.

ಮರುದಿನ ಜಂಬಣ್ಣ ಕೇಳಿದ, ಗಾಳೆಪ್ಪ ಗರ್ಜಿಸಿದ, ಕ್ರಾಂತಿಕುಮಾರ್ ಕಿವಿಯ ಹೆಡ್‌ಫೋನು ಕಿತ್ತು ಕೈಯಲ್ಲಿ ಹಿಡಿದುಕೊಂಡ. ಕತೆಯ ಕೊನೆಗೆ ಶೂನ್ಯಾಸುರ ತಪ್ಪಿಸಿಕೊಂಡು ಓಡಿಹೋಗುತ್ತಾನೆ. ಗಾಳೆಪ್ಪನಿಗೆ ಅದು ಸರಿಬರಲಿಲ್ಲ. ಓಡುವ ಅಸುರನಿಗೂ ಸಾಯುವವನ ನರಳಾಟವನ್ನೇ ಕೊಟ್ಟು ಬಂದ.

ಸಿನಿಮಾ ಮೊಬೈಲಿಗೆ ಬಂದ ದಿನ ಜಂಬಣ್ಣ ಇಸ್ತ್ರಿ ಅಂಗಿ ತೊಟ್ಟಿದ್ದ. ಮೊದಲು ನನ್ನ ದನಿ, ಆಮೇಲೆ ಅವನದು ಎಂದು ಚಹಾಕ್ಕೆ ಬಂದವರಿಗೆಲ್ಲ ಹೇಳಿದ್ದ. ಅಂಗಡಿಯ ಡಬ್ಬಕ್ಕೆ ಮೊಬೈಲು ಒರಗಿಸಿ ಜನ ಸೇರಿದರು. ಶೂನ್ಯಾಸುರ ಹೊಗೆಯೊಳಗಿಂದ ಬಂದ, ನಿಂತ, ದುರುಗುಟ್ಟಿದ. ಯಾರೂ ಕೇಳಲಿಲ್ಲ. ಅವನೇ ಮಾತು ಶುರುಮಾಡಿದ. ಚಿತ್ರದಲ್ಲಿ ಇಲ್ಲದ ಸಾರಥಿಯ ದನಿಯನ್ನು ಕ್ರಾಂತಿಕುಮಾರ್ ಕತ್ತರಿಸಿ ಹಾಕಿದ್ದ.

ಜನ ಸಿಳ್ಳೆ ಹೊಡೆದರು. ಇದೂ ನನ್ನದೇ ಕೆಲಸ ಎಂದು ಜಂಬಣ್ಣ ತಿಳಿದರೆ ಗತಿಯೇನು, ಇದ್ದೊಬ್ಬ ಗೆಳೆಯ ಮತ್ತೆ ಹೋದನಲ್ಲ ಎಂದು ಗಾಳೆಪ್ಪನಿಗೆ ಅಳುವೇ ಬಂತು. ಅತ್ತ ಕಡೆ ನೋಡುವ ಧೈರ್ಯವಾಗದೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತ.

ಜಂಬಣ್ಣ ಕೆಟ್ಲು ಕೆಳಗಿಟ್ಟ, ಟವೆಲ್ಲಿಗೆ ಕೈ ಒರೆಸಿಕೊಂಡ. "ಹಿಂದಕ್ಕ ಸರಸ್ರಿ ಅದನ್ನ," ಎಂದ.

ಯಾರೋ ಸಿನಿಮಾವನ್ನು ಹಿಂದಕ್ಕೆ ಸರಿಸಿದರು. ಶೂನ್ಯಾಸುರ ಮತ್ತೆ ಬಂದು ನಿಂತ, ದುರುಗುಟ್ಟಿದ. ಜಂಬಣ್ಣ ಒಲೆಯ ಹಿಂದೆ ನೆಟ್ಟಗೆ ನಿಂತು ತುಂಬು ದನಿಯಲ್ಲಿ ಕೇಳಿದ:

"ಭಲಾ ಮಹಾರಾಯ, ಬಂದಂಥ ತಾವು ಧಾರು? ತಮ್ಮ ನಾಮಾಂಕಿತವೇನು?"

ಮೊಬೈಲಿನೊಳಗಿನ ಅಸುರ ಉತ್ತರ ಕೊಟ್ಟಿರಬೇಕು, ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಗಾಳೆಪ್ಪ ಬೆಂಚಿನಿಂದ ಎದ್ದು ನಿಂತು ತಾನೇ ಉತ್ತರ ಕೊಡುತ್ತಿದ್ದ. ಪಕ್ಕದ ಹಳ್ಳಿಯಲ್ಲಿ ಹೆಂಗಸರು ಕೊಡ ಹುಡುಕಿದರು.